ಚಂಚಿಯೊಳಗಿನ ಹಿತ್ತಾಳೆ ಉಂಗುರ

ಸತ್ತ ಮನುಷ್ಯ ಮೂರನೆಯ ಸಲ ಚಹಾ ಕೇಳಿದ.

“ಕೆಂಚವ್ವಾ… ಚಹಾ ತಾರಬೇ.” ಆಮೇಲೆ ಒಂದು ಉದ್ದನೆಯ ಕೆಮ್ಮು. ಗಂಟಲು ಕೆರೆದು ಕಫ ಉಗುಳಿದ ಸದ್ದು.

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಜ್ಞಾನದೇವನ ದವಡೆ ತಟ್ಟನೆ ನಿಂತುಬಿಟ್ಟಿತು. ಈ ಮನೆಯವರು ಕೊಟ್ಟ ಒಣದ್ರಾಕ್ಷಿಯನ್ನು ಅವನು ಬಂದಾಗಿನಿಂದ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇನ್ಸ್‌ಪೆಕ್ಟರ್ ಉಜ್ವಲಾ ಚೌಗಲಾ ಟೇಪ್ ರೆಕಾರ್ಡರಿನ ಕೀಲಿ ಒತ್ತಿದಳು. ತಟ್ಟೆಯಷ್ಟು ಅಗಲದ ಎರಡು ಸ್ಪೂಲುಗಳು ತಿರುಗುವುದನ್ನು ನಿಲ್ಲಿಸಿದವು.

ಅನಂತಪುರದ ದ್ರಾಕ್ಷಿ ತೋಟದ ಯಜಮಾನ ಕಾಕಾಸಾಹೇಬರು ಮೊಮ್ಮಗಳು ಸಪನಾಳ ಮದುವೆಯ ಮರುದಿನ ತೀರಿಕೊಂಡಿದ್ದರು. ತಪ್ಪು ಔಷಧ ಕೊಟ್ಟು ಕೊಂದಳೆಂದು ಅವರ ಮಗ, ಸಪನಾಳ ತಂದೆ ಬಾಬಾಸಾಹೇಬ ಹೊರಿಸಿದ ಆರೋಪದ ಮೇಲೆ, ಮುದುಕರ ಸೇವೆ ಮಾಡುತ್ತಿದ್ದ ಕೆಂಚವ್ವ ಠಾಣೆಯಲ್ಲಿ ಕುಳಿತಿದ್ದಳು. ಮಧ್ಯಾಹ್ನದೊಳಗೆ ಅವಳನ್ನು ಅಥಣಿ ಕೋರ್ಟಿಗೆ ಹಾಜರುಪಡಿಸಬೇಕು. ಆಮೇಲೆ ಅವಳು ಯಾವಾಗ ಹೊರಗೆ ಬರುತ್ತಾಳೋ ಯಾರೂ ಹೇಳುವಂತಿರಲಿಲ್ಲ.

ಉಜ್ವಲಾಳ ತಲೆ ತಿನ್ನುತ್ತಿದ್ದುದು ಎರಡು ಹೇಳಿಕೆಗಳು. ಆ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತಿದ್ದ ಬೀಗರು, ನೆಂಟರು ಎಲ್ಲರೂ ಮುದುಕರ ದನಿ ಕೇಳಿದ್ದರು. ಕೆಮ್ಮಿದರು, ಚಹಾ ಕೇಳಿದರು. ಆಗಷ್ಟೇ ಮುಗಳಖೋಡದಿಂದ ಬಂದಿಳಿದಿದ್ದ ಕೆಂಚವ್ವ ಚಹಾ ತೆಗೆದುಕೊಂಡು ಒಳಗೆ ಹೋದಳು. ಅವಳ ಹೇಳಿಕೆ ಮಾತ್ರ ಬೇರೆ. ತಾನು ಮುಟ್ಟಿದಾಗ ದೊಡ್ಡ ಸಾವ್ಕಾರ್ರ ಮೈ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು, ಹಾಸಿಗೆಯೆಲ್ಲ ತೊಯ್ದಿತ್ತು ಎಂದು ಅವಳು ಹೇಳಿದ್ದಳು. ಠಾಣೆಯಲ್ಲಿ ಬರೆದುಕೊಂಡವನು ಅದನ್ನು ಬರೆಯುತ್ತಾ ನಕ್ಕಿದ್ದ.

ಕೆಮ್ಮಿದ ಮೈ ಅಷ್ಟು ಬೇಗ ಮಂಜಾಗುವುದಿಲ್ಲ. ಇಬ್ಬರಲ್ಲಿ ಒಬ್ಬರದು ಸುಳ್ಳು, ಇಲ್ಲವೇ ಇಬ್ಬರೂ ನಿಜ ಹೇಳುತ್ತಿದ್ದಾರೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದ ಉಜ್ವಲಾಳಿಗೆ ಎರಡನೆಯದೇ ಹೆಚ್ಚು ಕುತೂಹಲ ಹುಟ್ಟಿಸಿತ್ತು.

ಹಾಗಾಗಿ ಅವಳು ಈ ಕೋಣೆಗೆ ಮತ್ತೆ ಬಂದಿದ್ದಳು.

ಕಾಕಾಸಾಹೇಬರಿಗೆ ಹಳೆಯ ಸ್ಪೂಲ್ ಟೇಪುಗಳ ಹುಚ್ಚು. ಕೃಷ್ಣಾ ದಂಡೆಯ ಊರೂರಿನ ಭಜನಾ ಮಂಡಳಿಗಳನ್ನು ಕರೆಸಿ, ಊಟ ಹಾಕಿಸಿ, ಹಾಡಿಸಿ ಇದೇ ಕೋಣೆಯಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಗೋಡೆ ತುಂಬ ಸ್ಪೂಲಿನ ಪೆಟ್ಟಿಗೆಗಳು. ನಡುವೆ ಜಪಾನಿನ ಭಾರದ ಯಂತ್ರ. ಅದರ ಮೇಲೆಲ್ಲ ಬೆರಳು ಎಳೆದರೆ ಗೆರೆ ಮೂಡುವಷ್ಟು ಧೂಳು, ಕೀಲಿಗಳ ಮೇಲೆ ಮಾತ್ರ ಇಲ್ಲ. ಯಾರೋ ಇತ್ತೀಚೆಗೆ ಒತ್ತಿದ್ದರು.

ಯಂತ್ರದ ಕೆಳಗಿನ ಖಾನೆಯಲ್ಲಿ ಅದರ ಕೈಪಿಡಿ ಸಿಕ್ಕಿತ್ತು. ಇಂಗ್ಲಿಷಿನದು, ಮಡಿಕೆಗಳಲ್ಲಿ ಹರಿದು ಅಂಟಿಸಿದ್ದು. ಉಜ್ವಲಾ ಕುರ್ಚಿ ಎಳೆದುಕೊಂಡು ಅದನ್ನು ಮೊದಲಿನಿಂದ ಓದತೊಡಗಿದ್ದಳು. ಜ್ಞಾನದೇವನಿಗೆ ಅದು ವಿಚಿತ್ರವಾಗಿ ಕಂಡಿತು. ಇಂಥ ಪುಸ್ತಕ ಯಾರು ಓದುತ್ತಾರೆ, ಹೊಸ ಮೊಬೈಲು ತಂದಾಗ ಅದನ್ನು ಡಬ್ಬಿಯ ಸಮೇತ ಎಸೆಯುವುದೇ ಪದ್ಧತಿ ಎಂದು ಅವನು ಗೊಣಗಿದ.

“ಎಸದವರೇ ಸಿಕ್ಕಿಬೀಳ್ತಾರ, ಜ್ಞಾನದೇವ,” ಎಂದಳು ಉಜ್ವಲಾ ತಲೆಯೆತ್ತದೆ.

ಕೈಪಿಡಿಯ ಮೊದಲ ಪುಟಗಳಲ್ಲೇ ಸ್ಪೀಕರುಗಳ ಮಾತಿತ್ತು. ಕೇಳುವವನ ಕಿವಿಯ ಎತ್ತರಕ್ಕೆ, ಅವನಿಗೆ ಮುಖ ಮಾಡಿ ಇಡಬೇಕು. ಕಾಕಾಸಾಹೇಬರು ಹಾಗೆಯೇ ಇಟ್ಟಿದ್ದರು. ನೆಲದ ಮೇಲೆ ಸ್ಪೀಕರಿನ ಕಾಲುಗಳ ಹಳೆಯ ಗುರುತು ಆರಾಮ ಕುರ್ಚಿಯ ಎದುರಿಗೇ ಇತ್ತು. ಈಗ ಎರಡೂ ಸ್ಪೀಕರುಗಳು ಆ ಗುರುತು ಬಿಟ್ಟು, ಕುರ್ಚಿಗೆ ಬೆನ್ನು ತಿರುಗಿಸಿ, ಪಡಸಾಲೆಯ ಬಾಗಿಲಿಗೆ ಮುಖ ಮಾಡಿ ನಿಂತಿದ್ದವು.

ಮುಂದೆ ರೆಕಾರ್ಡಿಂಗಿನ ಅಧ್ಯಾಯ. ಪ್ರತಿ ಸಲ ಕೆಲಸ ಶುರುಮಾಡುವ ಮುನ್ನ ಒಂದು ಪ್ರಯೋಗದ ಧ್ವನಿ ಮುದ್ರಿಸಿ, ಸಹಜ ದನಿಯಲ್ಲಿ ಮಾತನಾಡಿ, ಮೀಟರಿನ ಮುಳ್ಳು ಎಷ್ಟು ಏರುತ್ತದೆ ನೋಡಿಕೊಳ್ಳಿ ಎಂದಿತ್ತು. ಮುದುಕರು ಅದನ್ನು ವ್ರತದಂತೆ ಪಾಲಿಸಿದ್ದರು. ಯಂತ್ರದ ಮೇಲೆಯೇ ಸಿಕ್ಕ ಈ ಸ್ಪೂಲು ಆ ಪ್ರಯೋಗದ ಸ್ಪೂಲು. ವರ್ಷಗಟ್ಟಲೆಯ ಬೆಳಗುಗಳು ಅದರಲ್ಲಿ ತುಂಬಿದ್ದವು. ಕೆಮ್ಮು, ಚಹಾ, ನಾಯಿಗೆ ಬೈಗುಳ, ಭಜನೆಯವರನ್ನು ಬೀಳ್ಕೊಡುವ ಮಾತು.

ಮುದುಕರ ತಂಗಿ ಸಕ್ಕುಬಾಯಿಯನ್ನು ಕರೆಸಿದ್ದಾಯಿತು. ಹೆಣಕ್ಕೆ ನೀರು ಹಾಕುವಾಗ ಬೆನ್ನಿನ ಮೇಲೆ ಜಾಳಿಗೆಯಂತೆ ಮೂಡಿದ್ದ ಕಲೆಗಳನ್ನು ನೋಡಿ ಗದ್ದಲ ಮಾಡಿ ಪೊಲೀಸರನ್ನು ಕರೆಸಿದವಳು ಅವಳೇ. ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ಟೇಪು ಕೇಳಿದಳು.

“ಇದ ದನಿರಿ, ಮದುವಿ ದಿನಾ ಕೇಳಿದ್ದು,” ಎಂದಳು. “ಜಡ ಆಗಿತ್ರಿ. ಕೆಸರಾಗ ಮಲಗಿದ ಎಮ್ಮಿಗೆ ಮಾತ ಬಂದಂಗ. ಆಜಾರಿ ಆಗ್ಯಾನ, ಅದಕ್ಕ ಹಿಂಗ ಅಂತ ಬಾಬಾಸಾಹೇಬ ಅಂದಾ. ನಮ್ಮಣ್ಣಂದು ಮೊದಲ ಹಿಂಗ ಇರಲಿಲ್ರಿ. ಕಡ್ಡಿ ಮುರಿದಂಗ ಮಾತಾಡ್ತಿದ್ದ.”

ಒಳಗೆ ಯಾರನ್ನೂ ಬಿಟ್ಟಿರಲಿಲ್ಲವೆಂದೂ ಅವಳು ಹೇಳಿದಳು. ಸೋಂಕು ತಗಲೀತು, ಹೊರಗಿನಿಂದಲೇ ಮಾತನಾಡಿಸಿ ಎಂದು ಬಾಬಾಸಾಹೇಬ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಅಕ್ಷತೆ ಮುಗಿಸಿಕೊಂಡು ಬಂದ ಮದುಮಕ್ಕಳು ಹೊಸ್ತಿಲಿಗೆ ತಲೆಯಿಟ್ಟು ನಮಸ್ಕಾರ ಮಾಡಿದಾಗ ಒಳಗಿನಿಂದ ಅಣ್ಣ ಆಶೀರ್ವಾದ ಮಾಡಿದ.

“ಏನಂದ್ರು?”

“ಚೊಲೊ ಆತು, ಹೋಗಿ ಬರ್ರಿ, ಅಂದಾ. ಮೊಮ್ಮಗಳು ಭಾಳ ಅತ್ತಳ್ರಿ.”

ಅದೇ ಮಾತು ಟೇಪಿನಲ್ಲಿತ್ತು. ಅದರ ಹಿಂದೆ ತಾಳಗಳನ್ನು ಚೀಲಕ್ಕೆ ತುಂಬುವ ಸದ್ದೂ ಇತ್ತು. ಭಜನೆ ಮುಗಿಸಿ ಹೊರಟವರಿಗೆ ಯಾವುದೋ ಕಾಲದಲ್ಲಿ ಹೇಳಿದ ಮಾತು ಅದು. ಹೊಸ್ತಿಲಿಗೆ ಹಣೆ ಹಚ್ಚಿದ ಆ ಹುಡುಗಿಗೆ ಇದನ್ನು ಯಾರು ಹೇಳಬೇಕು?

ಈಗ ಉಳಿದದ್ದು ದನಿಯ ಜಡತನ. ಉಜ್ವಲಾ ಪುಟ ತಿರುವಿದಳು. ಉತ್ತರ ಕೊನೆಯ ಅಧ್ಯಾಯದಲ್ಲಿತ್ತು.

ಈ ಯಂತ್ರ ಎರಡು ಬಗೆಯ ದೇಶಗಳಿಗೆ ಮಾಡಿದ್ದು. ಕೆಲವು ದೇಶಗಳ ಕರೆಂಟು ಸೆಕೆಂಡಿಗೆ ಅರವತ್ತು ಸಲ ದಿಕ್ಕು ತಿರುಗಿಸಿ ಮರಳುತ್ತದೆ, ನಮ್ಮದು ಐವತ್ತು ಸಲ. ಮೋಟಾರು ಕರೆಂಟಿನ ತಾಳಕ್ಕೆ ಕುಣಿಯುತ್ತದೆ. ನಮ್ಮಲ್ಲಿ ನಿಧಾನ ತಿರುಗುತ್ತದೆ. ಆ ಕೊರತೆ ತುಂಬಲು ಮೋಟಾರಿನ ಶಾಫ್ಟಿಗೆ ಒಂದು ಹಿತ್ತಾಳೆ ಉಂಗುರ ತೊಡಿಸಬೇಕು. ಶಾಫ್ಟು ದಪ್ಪವಾಗುತ್ತದೆ, ಟೇಪು ಸರಿಯಾದ ವೇಗಕ್ಕೆ ಬರುತ್ತದೆ. ಉಂಗುರ ಮರೆತರೆ ಟೇಪು ನಿಧಾನ ಓಡಿ, ದನಿ ದಪ್ಪವಾಗುತ್ತದೆ.

ಅವಳು ಒಂದು ನಾಣ್ಯದಿಂದ ಮೇಲ್ಮುಚ್ಚಳದ ತಿರುಪು ಬಿಚ್ಚಿದಳು. ಮೋಟಾರಿನ ಶಾಫ್ಟು ಬೆತ್ತಲಾಗಿತ್ತು.

ಯಂತ್ರ ಚಾಲೂ ಮಾಡುವ ಮುಂಚೆ ಕಾಕಾಸಾಹೇಬರು ಏನಾದರೂ ಮಾಡುತ್ತಿದ್ದರೇ ಎಂದು ಅವಳು ಸಕ್ಕುಬಾಯಿಯನ್ನು ಕೇಳಿದಳು. ಮುದುಕಿ ಯೋಚಿಸಿದಳು. ಹೌದು, ಮುಚ್ಚಳ ತೆಗೆದು ಏನೋ ಹಾಕುತ್ತಿದ್ದ, ಮುಗಿದ ಮೇಲೆ ತೆಗೆದು ಎಲೆ ಅಡಿಕೆಯ ಚಂಚಿಗೆ ಹಾಕಿಕೊಳ್ಳುತ್ತಿದ್ದ. ಮನೆಯ ಹುಡುಗರು ಮಷೀನಿಗೆ ಕೈ ಹಚ್ಚಿ ಹಾಳು ಮಾಡುತ್ತಾರೆ ಎಂಬ ಸಿಟ್ಟು ಅವನಿಗೆ. ಮೋಟಾರ್ ಸೈಕಲ್ಲಿನ ಕೀಲಿ ತೆಗೆದುಕೊಂಡು ಹೋದಂತೆ ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ.

“ಆ ಚಂಚಿ ಈಗ ಎಲ್ಲೈತ್ರಿ, ಅಜ್ಜಿ?”

ಸಕ್ಕುಬಾಯಿ ಸ್ವಲ್ಪ ನಾಚಿದಳು. ಅಣ್ಣನ ನೆನಪಿಗೆ ಇರಲಿ ಎಂದು ನೀರು ಹಾಕುವ ಮುಂಚೆಯೇ ಅವನ ಸೊಂಟದಿಂದ ತಾನೇ ಬಿಚ್ಚಿಕೊಂಡಿದ್ದಳಂತೆ. ಈಗಲೂ ಅದು ಅವಳ ಮಡಿಲಲ್ಲೇ ಇತ್ತು. ಲವಂಗ, ಸುಣ್ಣದ ಡಬ್ಬಿ, ಒಣಗಿದ ಅಡಿಕೆ ಹೋಳುಗಳ ನಡುವೆ ಬೆರಳು ಆಡಿಸಿ, ಉಜ್ವಲಾ ಕಿರುಬೆರಳಿಗೂ ಸಣ್ಣದಾದ ಹಿತ್ತಾಳೆ ಉಂಗುರವನ್ನು ಹೊರಗೆ ತೆಗೆದಳು. ಚಂಚಿಯನ್ನು ಮಗುಚಿ ಹಿಡಿದಾಗ ಇನ್ನೊಂದು ವಸ್ತು ಕಣ್ಣಿಗೆ ಬಿತ್ತು. ಚಂಚಿಯ ಹೊರಮೈಗೆ ಅಂಟಿ, ಒದ್ದೆಯಾಗಿ, ಮತ್ತೆ ಒಣಗಿ ಹೋದ ಒಂದು ಒಣದ್ರಾಕ್ಷಿ.

“ನಮ್ಮಣ್ಣಗ ಮನೂಕ ಅಂದ್ರ ಆಗತಿರಲಿಲ್ಲ,” ಎಂದಳು ಸಕ್ಕುಬಾಯಿ ಆ ಒಣದ್ರಾಕ್ಷಿ ನೋಡಿ, ಸಹಜವಾಗಿ. “ಸಕ್ರಿ ಬ್ಯಾನಿ ಇತ್ತಲ್ರಿ. ಮನ್ಯಾಗ ಅವನ ಕ್ವಾಣಿಗೆ ಯಾರೂ ತರ್ತಿರಲಿಲ್ಲ.”

ಉಜ್ವಲಾ ಉಂಗುರವನ್ನು ಒರೆಸಿ ಶಾಫ್ಟಿಗೆ ತೊಡಿಸಿದಳು. ಕೈಪಿಡಿಯ ಚಿತ್ರದಲ್ಲಿದ್ದಂತೆ ಬೆಲ್ಟು ಕೂರಿಸಿ, ಸ್ಪೂಲು ಹಿಂದಕ್ಕೆ ಸುತ್ತಿ, ಕೀಲಿ ಒತ್ತಿದಳು.

“ಕೆಂಚವ್ವಾ, ಚಹಾ ತಾರಬೇ.”

ತೆಳ್ಳನೆಯ, ಚುರುಕಾದ, ಕಡ್ಡಿ ಮುರಿದಂಥ ದನಿ. ಸಕ್ಕುಬಾಯಿ ಕುಳಿತಲ್ಲೇ ಸಣ್ಣಗೆ ಅಳತೊಡಗಿದಳು. ಕೇಳಿದ್ದು ತನ್ನ ಅಣ್ಣನನ್ನೇ ಎಂದು ಈಗ ಯಾರೂ ಅವಳಿಗೆ ಹೇಳಬೇಕಿರಲಿಲ್ಲ.

ಕಾಕಾಸಾಹೇಬರು ತಾವೇ ಟೇಪು ಹಚ್ಚಿದ್ದರೆ ಉಂಗುರ ತೊಡಿಸದೆ ಹಚ್ಚುತ್ತಿರಲಿಲ್ಲ. ಉಂಗುರದ ವಿಷಯ ಗೊತ್ತಿಲ್ಲದ ಕೈ, ಕೈಪಿಡಿ ಓದದ ಕೈ, ಕೀಲಿ ಒತ್ತಿತ್ತು.

ಅಷ್ಟರಲ್ಲಿ ಬಾಬಾಸಾಹೇಬನೇ ಚಹಾದ ಟ್ರೇ ಹಿಡಿದು ಒಳಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಂದೆ ಸತ್ತಿದ್ದಕ್ಕೆ ಬೋಳಿಸಿದ ತಲೆ. ಟ್ರೇಯಲ್ಲಿ ಒಣದ್ರಾಕ್ಷಿಯ ತಟ್ಟೆಯೂ ಇತ್ತು. ಮದುವೆಗೆ ಬಂದವರಿಗೆಲ್ಲ ಒಂದೊಂದು ಡಬ್ಬಿ ಕೊಟ್ಟು ಕಳಿಸಿದ್ದೆವು, ಮೇಡಮ್‌ರಿಗೂ ಒಂದು ಎತ್ತಿಟ್ಟಿದ್ದೇನೆ ಎಂದ.

“ಅದು ನಿಮ್ಮ ಶೆಡ್ಡಿನ ಹಿಂದಿನ ಕೋಲ್ಡ್ ರೂಮಿನದೇನ್ರಿ?”

“ಹೌದ್ರಿ ಮೇಡಮ್. ಸ್ವಂತದ್ದು.”

“ಅಲ್ಲಿ ಪ್ಲಾಸ್ಟಿಕ್ ಕ್ರೇಟಿನ ತಳ ಜಾಳಿಗಿ ಜಾಳಿಗಿ ಇರತೈತಿ, ಅಲ್ಲ?”

ಬಾಬಾಸಾಹೇಬ ಟ್ರೇ ಇಡಲು ಜಾಗ ಹುಡುಕಿದ. ಅವನ ಕಣ್ಣು ಯಂತ್ರದ ತೆರೆದ ಮುಚ್ಚಳದ ಮೇಲೆ ಬಿತ್ತು, ಆಮೇಲೆ ಸೋದರತ್ತೆಯ ಮಡಿಲಿನ ಚಂಚಿಯ ಮೇಲೆ.

ಉಜ್ವಲಾ ದನಿಯೇರಿಸಲಿಲ್ಲ. ತಂಪು ಪೆಟ್ಟಿಗೆಯಿಂದ ತೆಗೆದ ಬಾಟಲಿಯ ಮೈಮೇಲೆ ಸೆಖೆಯಲ್ಲಿ ನೀರು ಕೂರುತ್ತದೆ, ಹಾಗೆಯೇ ತಂಪಿನಲ್ಲಿಟ್ಟ ಹೆಣವನ್ನು ಹಾಸಿಗೆಗೆ ತಂದರೆ ಹಾಸಿಗೆ ತೊಯ್ಯುತ್ತದೆ ಎಂದಳು. ಕೆಂಚವ್ವ ಹೇಳಿದ್ದು ನಿಜ. ನೆಂಟರು ಹೇಳಿದ್ದೂ ನಿಜ. ಸುಳ್ಳು ಹೇಳಿದ್ದು ಈ ಯಂತ್ರವೊಂದೇ, ಅದನ್ನು ಹೇಳಿಸಿದವರು ಯಾರು ಎಂಬುದಷ್ಟೇ ತನಗೆ ಬೇಕು ಎಂದಳು. ಜ್ಞಾನದೇವ ಬಾಗಿಲಿನಾಚೆ ಹೋಗಿ ಬಾಯಲ್ಲಿದ್ದುದನ್ನೆಲ್ಲ ಉಗುಳಿ ಬಂದ. ಜೇಬಿನಲ್ಲಿದ್ದ ಡಬ್ಬಿಯನ್ನು ಟ್ರೇಯ ಮೇಲೆ ಇಟ್ಟು, ಕೈಯನ್ನು ಪ್ಯಾಂಟಿಗೆ ಮತ್ತೆ ಮತ್ತೆ ಒರೆಸಿಕೊಂಡ.

ಬಾಬಾಸಾಹೇಬ ಗೋಡೆಗೆ ಒರಗಿ ಕುಳಿತ. ಅಳುತ್ತಾನೇನೋ ಎಂದು ಉಜ್ವಲಾ ಕಾದಳು. ಅವನು ಅಳಲಿಲ್ಲ. ಲೆಕ್ಕ ತಪ್ಪಿದವನಂತೆ ತಲೆ ಕೆರೆದುಕೊಂಡ, ಆಮೇಲೆ ಹೇಳತೊಡಗಿದ.

ಅರಿಷಿಣದ ದಿನವೇ ಅಪ್ಪ ನಿದ್ದೆಯಲ್ಲಿ ಹೋಗಿಬಿಟ್ಟಿದ್ದ. ಹೊರಗೆ ಹೇಳಿದರೆ ಸೂತಕ. ನಿಪ್ಪಾಣಿಯ ಬೀಗರು ತಮ್ಮ ಮನೆಯ ಸಾವಿನಿಂದಾಗಿ ಒಮ್ಮೆ ಈ ಮದುವೆಯನ್ನು ಮುಂದೂಡಿದ್ದರು. ಇನ್ನೊಂದು ಸಲ ಮುಂದೆ ಹೋದರೆ ಈ ಸಂಬಂಧಕ್ಕೆ ದೇವರ ಮನಸ್ಸಿಲ್ಲ ಎಂದು ಮುರಿದುಬಿಡುತ್ತಿದ್ದರು. ಅರಿಷಿಣ ಹಚ್ಚಿದ ಹುಡುಗಿಯನ್ನು ಆಮೇಲೆ ಯಾರು ಕೇಳುತ್ತಾರೆ? ಅದಕ್ಕೇ ಅಪ್ಪನನ್ನು ತಂಪಿನಲ್ಲಿ ಇಟ್ಟ. ಮದುವೆ ಮುಗಿಯಿತು, ಮತ್ತೆ ತಂದು ಮಲಗಿಸಿದ.

“ಸತ್ತ ಮ್ಯಾಲ ಇಟ್ಟೀನ್ರಿ ಮೇಡಮ್. ಜೀವ ಇದ್ದಾಗ ಒಂದ ದಿನಾನೂ ಅವರ ಮನಸ್ಸ ನೋಯಿಸಿಲ್ಲ. ಮೂಗಿಗೆ ಹತ್ತಿ ಅರಳಿ ಹಿಡದ ನೋಡೀನಿ. ಮಗಳ ಮದುವಿ ಸಲುವಾಗಿ ಯಾವ ಅಪ್ಪ ಆದ್ರೂ ಇದನ್ನ ಮಾಡ್ತಿದ್ದ. ನಮ್ಮಪ್ಪ ಇದ್ದಿದ್ರ ಅವರ ಹೇಳ್ತಿದ್ರು, ಇಡೋ ನನ್ನ ಅಲ್ಲೇ, ಅಂತ.”

“ಕೆಂಚವ್ವನ್ನ ಯಾಕ ಹಿಡಸಿದ್ರಿ?”

“ಆತ್ಯಾ ಬೆನ್ನಿನ ಕಲೆ ನೋಡಿ ಬಾಯಿ ಮಾಡಿದ್ರು. ಏನರ ಒಂದ ಹೇಳಬೇಕಾಗಿತ್ತು. ಬಡ ಹೆಣ್ಣಮಗಳು, ಕೋರ್ಟನ್ಯಾಗ ಬಿಟ್ಟ ಬಿಡ್ತಾರ. ವಕೀಲನ್ನ ನಾನ ಹಚ್ಚಾಂವ ಇದ್ದೆ.”

ಉಪಕಾರ ಮಾಡುವವನ ದನಿ. ಉಜ್ವಲಾಳಿಗೆ ಚಹಾದ ಕೆನೆಯನ್ನು ನೋಡಲೂ ಆಗಲಿಲ್ಲ. ಹೆಣದ ಪಕ್ಕದ ಪೆಟ್ಟಿಗೆಗಳಿಂದ ತೆಗೆದ ಒಣದ್ರಾಕ್ಷಿಯನ್ನು ಊರಿಗೆಲ್ಲ ಹಂಚಿದ ಕೈ, ಈಗ ವಕೀಲನನ್ನೂ ಹಂಚಲು ಹೊರಟಿತ್ತು. ಕೊಲೆಗಾರರನ್ನು ಅವಳು ನೋಡಿದ್ದಳು. ಅವರ ಕೈ ನಡುಗುವುದನ್ನು ನೋಡಿದ್ದಳು. ಈ ಕೈ ನಡುಗುತ್ತಿರಲಿಲ್ಲ. ಬಟ್ಟಲಿನ ಅಂಚಿಗೆ ಚೆಲ್ಲಿದ್ದ ಚಹಾವನ್ನು ಬೆರಳಿನಿಂದ ಒರೆಸುತ್ತಿತ್ತು.

ಆದರೂ ಒಂದು ಸಮಾಧಾನವಿತ್ತು. ಕೆಂಚವ್ವ ಇವತ್ತು ಕೋರ್ಟಿಗೆ ಹೋಗಬೇಕಿಲ್ಲ. ಮದುವೆಯ ವಾರವೆಲ್ಲ ಅವಳು ಮುಗಳಖೋಡದ ತಂಗಿಯ ಮನೆಯಲ್ಲಿದ್ದಳು. ಈ ಒಂದು ವಿಷಯದಲ್ಲಿ ಮಾತ್ರ ಮನೆಯವರ ಹೇಳಿಕೆಯೂ ಅವಳ ಹೇಳಿಕೆಯೂ ಅಕ್ಷರಶಃ ಒಂದೇ ಆಗಿದ್ದವು. ಮನೆತುಂಬ ಕೆಲಸವಿರುವ ವಾರದಲ್ಲಿ ಕೆಲಸದವಳು ಊರಿಗೆ ಯಾಕೆ ಹೋದಳು ಎಂಬುದು ಉಜ್ವಲಾಳ ಮನಸ್ಸಿಗೆ ಒಮ್ಮೆ ಚುಚ್ಚಿ ಹೋಗಿತ್ತು, ಅಷ್ಟೆ.

ಮಾತಿನ ಗದ್ದಲದಲ್ಲಿ ಟೇಪನ್ನು ಯಾರೂ ನಿಲ್ಲಿಸಿರಲಿಲ್ಲ. ಸಣ್ಣ ದನಿಯಲ್ಲಿ ಅದು ಓಡುತ್ತಲೇ ಇತ್ತು. ಕಾಕಾಸಾಹೇಬರು ನಾಯಿಗೆ ಬೈಯುತ್ತಿದ್ದರು. ಬೈಗುಳದ ನಡುವೆಯೇ ಟಕ್ ಎಂದು ಒಂದು ಸದ್ದು ಬಂದು ಅವರ ದನಿ ಕಡಿಯಿತು. ಆಮೇಲೆ ಇಲಿಗಳು ಜಗಳವಾಡಿದಂತೆ ಕಿಚಕಿಚ.

“ಸಾಕ ಬಂದ್ ಮಾಡ್ರಿ ಮೇಡಮ್,” ಎಂದ ಬಾಬಾಸಾಹೇಬ. “ಹಳೇ ಟೇಪು, ಹಾಳಾಗೈತಿ.”

ಅವನು ಅಲ್ಲಿಯವರೆಗೆ ಇಷ್ಟು ಬೇಗ ಮಾತನಾಡಿರಲಿಲ್ಲ. ಅವನು ಎದ್ದು ಯಂತ್ರದತ್ತ ಕೈ ಚಾಚುವ ಮೊದಲೇ ಜ್ಞಾನದೇವ ನಡುವೆ ಬಂದು ನಿಂತ.

ಉಜ್ವಲಾ ಕೈಪಿಡಿಯ ರೆಕಾರ್ಡಿಂಗ್ ಅಧ್ಯಾಯಕ್ಕೆ ಮರಳಿದಳು. ಅಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆಯೊಂದಿತ್ತು. ಟೇಪು ಕೇಳಲು ಒಂದೇ ಕೀಲಿ ಒತ್ತಬೇಕು. ಪಕ್ಕದ ಕೆಂಪು ಕೀಲಿಯನ್ನೂ ಕೂಡಿಸಿ ಒತ್ತಿದರೆ ಹಳೆಯ ಧ್ವನಿ ಅಳಿಸಿಹೋಗಿ ಮೈಕಿನ ಮುಂದಿನ ಹೊಸ ಧ್ವನಿ ಮುದ್ರಣವಾಗುತ್ತದೆ. ಅವಳು ತಲೆಯೆತ್ತಿ ನೋಡಿದಳು. ಮೈಕು ಇನ್ನೂ ಯಂತ್ರಕ್ಕೆ ಸಿಕ್ಕಿಸಿದಂತೆಯೇ ಇತ್ತು, ಮಂಚದ ತಲೆದೆಸೆಯ ಕಪಾಟಿನ ಮೇಲೆ, ಹಾಸಿಗೆಗೆ ಮುಖ ಮಾಡಿ.

ಯಂತ್ರ ನಡೆಸಲು ಬಾರದ ಒಬ್ಬರು, ಅದನ್ನು ಕಲಿಯುವ ಅವಸರದಲ್ಲಿ, ಎರಡೂ ಕೀಲಿ ಒತ್ತಿದ್ದರು.

ಕಿಚಕಿಚ ಯಾಕೆ ಎಂಬುದೂ ಅವಳಿಗೆ ಹೊಳೆಯಿತು. ಇದು ಉಂಗುರ ಇಲ್ಲದಾಗ, ಟೇಪು ನಿಧಾನ ಓಡುವಾಗ ಮುದ್ರಣವಾದದ್ದು. ಉಂಗುರ ತೊಡಿಸಿದ್ದರಿಂದ ಈಗ ಬೇಗ ಓಡಿ ಕೀರಲಾಗಿದೆ. ಮುದುಕರ ದನಿಗೆ ಉಂಗುರ ಬೇಕು, ಈ ದನಿಗಳಿಗೆ ಉಂಗುರ ಬೇಡ.

ಅವಳು ಯಂತ್ರ ನಿಲ್ಲಿಸಿ, ಉಂಗುರ ಬಿಚ್ಚಿ, ಸಕ್ಕುಬಾಯಿಯ ಅಂಗೈಯಲ್ಲಿ ಇಟ್ಟಳು. ಸ್ಪೂಲನ್ನು ಆ ಟಕ್ ಸದ್ದಿನವರೆಗೆ ಹಿಂದಕ್ಕೆ ಸುತ್ತಿ, ದನಿ ಏರಿಸಿ, ಕೀಲಿ ಒತ್ತಿದಳು. ಬಾಬಾಸಾಹೇಬ ಕಣ್ಣು ಮುಚ್ಚಿಕೊಂಡ.

ಮೊದಲು ಕೇಳಿಸಿದ್ದು ಉಸಿರು. ಮೈಕಿಗೆ ತೀರ ಹತ್ತಿರದ, ಗೊರಗೊರ ಎನ್ನುವ, ನಿಂತು ನಿಂತು ಬರುವ ಉಸಿರು. ಅದರಾಚೆ ಹೆಜ್ಜೆಯ ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ, ಉಜ್ವಲಾ ನಿನ್ನೆ ಠಾಣೆಯಲ್ಲಿ ಇಡೀ ಸಂಜೆ ಕೇಳಿದ್ದ ದನಿ.

“ಸಾವ್ಕಾರ್ರ, ಇನ್ನ ಉಸರ ಐತ್ರಿ. ಕಣ್ಣ ತಗದ ನನ್ನ ನೋಡಾಕತ್ತಾರ.”

ಒಂದು ಕ್ಷಣ ಬರೀ ಆ ಗೊರಗೊರ. ಆಮೇಲೆ ಬಾಬಾಸಾಹೇಬನ ದನಿ, ಈಗ ತಾನೇ ಚಹಾ ತಂದು ಕೊಟ್ಟಷ್ಟೇ ಮೆತ್ತಗೆ.

“ನಿನ್ನ ಹೆಂಗ ನೋಡ್ತಾರ, ಕೆಂಚವ್ವಾ? ನೀ ಇಲ್ಲೇ ಇಲ್ಲಲ್ಲ. ನೀ ನಿನ್ನೇನ ಮುಗಳಖೋಡಕ್ಕ ಹೋಗೀದಿ. ಕಾಲ ಹಿಡಿ, ಕ್ರೇಟಿನ ಮ್ಯಾಲ ಇಡೂಣು.”

ಸಕ್ಕುಬಾಯಿಯ ಅಂಗೈಯಿಂದ ಉಂಗುರ ಜಾರಿ, ನೆಲದ ಮೇಲೆ ಉರುಳುತ್ತಾ ಮಂಚದ ಕೆಳಗೆ ಹೋಯಿತು. ಯಾರೂ ಅದನ್ನು ನೋಡಲಿಲ್ಲ. ಎಲ್ಲರೂ ಸ್ಪೀಕರಿನ ಕಡೆ ನೋಡುತ್ತಿದ್ದರು. ಕೆಂಚವ್ವ ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದರು.

ಬಳೆಗಳ ಸದ್ದಾಯಿತು. ಅವಳು ಬಗ್ಗಿದ್ದಳು.

“ಆತ್ರಿ, ಸಾವ್ಕಾರ್ರ,” ಎಂದಳು ಕೆಂಚವ್ವ.